ಭಯಭಕ್ತಿಯ ಮೀಮಾಂಸಕ: ರುಡಾಲ್ಫ್ ಒಟ್ಟೊ
(ಬಾನುಲಿ ಭಾಷಣ)

ಕನ್ನಡದಲ್ಲಿ ನಾವು ನಿತ್ಯವೂ ಆಡಿ ಸವೆಸಿರುವ ಮಾತೊಂದುಂಟು: ಭಯಭಕ್ತಿ. ಗರ್ಭಗುಡಿಯ ಮುಂದೆ ಗದ್ದಲವೆಬ್ಬಿಸುವ ಹುಡುಗನನ್ನು ಹಿರಿಯರು ಗದರಿಸುವುದು “ಭಯಭಕ್ತಿ ಬೇಡವೇನೋ ನಿನಗೆ?” ಎಂದೇ. ಆಡುವಾಗ ನಾವಾರೂ ಆ ಜೋಡುಪದದ ಮುಂದೆ ನಿಂತು ಯೋಚಿಸುವುದಿಲ್ಲ. ಭಯವು ಹಿಂದಕ್ಕೆ ತಳ್ಳುವ ಭಾವ, ಭಕ್ತಿಯು ಮುಂದಕ್ಕೆ ಸೆಳೆಯುವ ಭಾವ. ಹುಲಿಯನ್ನು ಕಂಡು ಹೆದರಿದವನು ಅದರ ಬಳಿಗೆ ಹಣ್ಣುಕಾಯಿ ಹಿಡಿದು ಹೋಗಲಾರ, ಅದನ್ನೊಂದು ದೈವವೆಂದು ಬಗೆದ ಹೊರತು. ತಾಯಿಯನ್ನು ಪ್ರೀತಿಸುವವನು ಆಕೆಯ ಮುಂದೆ ಗಡಗಡನೆ ನಡುಗಲಾರ. ಹೀಗೆ ಒಂದಕ್ಕೊಂದು ಮುಖ ತಿರುಗಿಸಿ ನಿಲ್ಲಬೇಕಾದ ಎರಡು ಭಾವಗಳನ್ನು ನಮ್ಮ ಜನ ಯಾವ ಸಂಕೋಚವೂ ಇಲ್ಲದೆ ಒಂದೇ ಪದದಲ್ಲಿ ಬೆಸೆದುಬಿಟ್ಟಿದ್ದಾರೆ. ಬೆಸೆದದ್ದು ಮಾತ್ರವಲ್ಲ, ದೇವರ ಮುಂದೆ ಇರಬೇಕಾದದ್ದು ಈ ಎರಡೂ ಕೂಡಿದ ಮನಸ್ಸೇ ಎಂಬುದನ್ನು ವಾದಕ್ಕೆ ಅವಕಾಶವಿಲ್ಲದ ಸಂಗತಿಯಂತೆ ಒಪ್ಪಿಕೊಂಡಿದ್ದಾರೆ.

ನಮಗೆ ಇಷ್ಟು ಸುಲಭವಾಗಿ ದಕ್ಕಿದ ಈ ಸಂಗತಿಯನ್ನು ತರ್ಕಬದ್ಧವಾಗಿ ಶೋಧಿಸಿ, ಅದಕ್ಕೆ ಶಾಸ್ತ್ರೀಯವಾದ ಹೆಸರುಗಳನ್ನು ಕೊಟ್ಟು, ಮತಧರ್ಮಗಳೆಲ್ಲದರ ಮೂಲದ್ರವ್ಯ ಇದೇ ಎಂದು ಪ್ರತಿಪಾದಿಸಿದವರು ಜರ್ಮನಿಯ ಪ್ರಾಟೆಸ್ಟೆಂಟ್ ದೇವತಾಶಾಸ್ತ್ರಜ್ಞರಾದ ಪ್ರಾಧ್ಯಾಪಕ ರುಡಾಲ್ಫ್ ಒಟ್ಟೊ. 1917ರಲ್ಲಿ, ಯೂರೋಪಿನ ತರುಣರು ಕಂದಕಗಳಲ್ಲಿ ಸಾಲುಸಾಲಾಗಿ ಸಾಯುತ್ತಿದ್ದ ಕಾಲದಲ್ಲಿ, ಅವರ ‘ದಾಸ್ ಹೈಲಿಗೆ’ ಎಂಬ, ಗಾತ್ರದಲ್ಲಿ ಅಷ್ಟೇನೂ ದೊಡ್ಡದಲ್ಲದ ಗ್ರಂಥವು ಹೊರಬಿದ್ದಿತು. ‘ಪವಿತ್ರವಾದದ್ದು’ ಎಂದು ಆ ಹೆಸರನ್ನು ಕನ್ನಡಿಸಬಹುದು. 1923ರಲ್ಲಿ ಜಾನ್ ಹಾರ್ವೆಯವರ ಇಂಗ್ಲಿಷ್ ಅನುವಾದವೂ ಬಂದ ಮೇಲೆ ಅದು ಲೋಕದ ವಿದ್ವನ್ಮಂಡಲಿಯ ಸೊತ್ತಾಯಿತು.

ಒಟ್ಟೊ ಹುಟ್ಟಿದ್ದು ಹ್ಯಾನೋವರ್ ನಗರಕ್ಕೆ ಸಮೀಪದ ಪೈನೆ ಎಂಬ ಊರಿನಲ್ಲಿ, 1869ನೆಯ ಸೆಪ್ಟೆಂಬರ್ 25ರಂದು. ತಂದೆ ಮೊಳೆತ ಜವೆಗೋಧಿಯಿಂದ ಮಾಲ್ಟ್ ತಯಾರಿಸುವ ಉದ್ಯಮಿ. ಹದಿಮೂರು ಮಂದಿ ಮಕ್ಕಳಲ್ಲಿ ರುಡಾಲ್ಫ್ ಹನ್ನೆರಡನೆಯವರು. ಮನೆಯ ಧರ್ಮ ಮತಸುಧಾರಕ ಲೂಥರನ ಸಂಪ್ರದಾಯದ, ಬಿಗಿಯಾದ ಆಚಾರದ ಧರ್ಮ. ಬಾಲಕನಿಗೆ ಅದರಲ್ಲಿ ಎಷ್ಟು ನಿಷ್ಠೆಯಿದ್ದಿತೆಂದರೆ, ವಿಶ್ವವಿದ್ಯಾನಿಲಯಕ್ಕೆ ಸೇರುವ ಕಾಲ ಬಂದಾಗ ಹತ್ತಿರದ ಗಟಿಂಗೆನ್ ಉದಾರವಾದಿಗಳ ಬೀಡೆಂದು ಶಂಕಿಸಿ, ಪೂರ್ವಾಚಾರದ ರಕ್ಷಣೆಗೆ ಬೇಕಾದ ಯುಕ್ತಿಗಳನ್ನು ಕಲಿಯಬೇಕೆಂಬ ಹಂಬಲದಿಂದ ದೂರದ ಎರ್ಲಾಂಗೆನ್ನಿಗೆ ಹೋದರು. ಆದರೆ ವಿದ್ಯೆಗೊಂದು ಕೆಟ್ಟ ಅಭ್ಯಾಸವಿದೆ; ಅದನ್ನು ಆಯುಧವೆಂದು ಕೈಗೆತ್ತಿಕೊಂಡವನನ್ನೇ ಅದು ಮೊದಲು ಪರೀಕ್ಷಿಸುತ್ತದೆ. ಕೆಲವು ವರ್ಷಗಳೊಳಗೆ ಒಟ್ಟೊ ಅದೇ ಗಟಿಂಗೆನ್ನಿನಲ್ಲಿ ಓದುತ್ತಿದ್ದರು, ಅಲ್ಲಿಯೇ ಉಪನ್ಯಾಸಕರೂ ಆದರು. ಪವಿತ್ರಾತ್ಮನನ್ನು ಕುರಿತ ಲೂಥರನ ಭಾವನೆಯ ಮೇಲೆ 1898ರಲ್ಲಿ ಬರೆದ ಪ್ರಬಂಧವೇ ಅವರ ಮೊದಲ ಕೃತಿ. ಉದಾರ ವಿಚಾರಗಳವರೆಂದು ಚರ್ಚಿನ ಅಧಿಕಾರವರ್ಗದವರಿಗೆ ಅವರಲ್ಲಿ ವಿಶ್ವಾಸ ಸಾಲದಾಗಿ, ಪೂರ್ಣ ಪ್ರಾಧ್ಯಾಪಕ ಪದವಿ ದೊರೆಯುವಷ್ಟರಲ್ಲಿ ವಯಸ್ಸು ನಲವತ್ತೈದು ದಾಟಿತು. 1915ರಲ್ಲಿ ಬ್ರೆಸ್ಲೌ, 1917ರಲ್ಲಿ ಮಾರ್ಬುರ್ಗ್. ಮುಂದೆ 1929ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಬೋಧನೆ. ನಡುವೆ ಐದು ವರ್ಷ ಪ್ರಷ್ಯದ ಶಾಸನಸಭೆಯ ಸದಸ್ಯರಾಗಿಯೂ ಇದ್ದರು. ಮದುವೆಯಾಗಲಿಲ್ಲ.

ಈ ಜೀವನದಲ್ಲಿ ನಾವು ನಿಂತು ನೋಡಬೇಕಾದ ಘಳಿಗೆಯೊಂದಿದೆ. 1911ರಲ್ಲಿ ಒಟ್ಟೊ ದೀರ್ಘ ಪ್ರವಾಸವೊಂದನ್ನು ಕೈಕೊಂಡು, ಉತ್ತರ ಆಫ್ರಿಕ, ಭಾರತ, ಬರ್ಮ, ಜಪಾನ್, ಚೀನಾಗಳನ್ನು ಸುತ್ತಿ ಸೈಬೀರಿಯದ ರೈಲುಮಾರ್ಗವಾಗಿ ಮರಳಿದರು. ಪ್ರಯಾಣದ ಆರಂಭದಲ್ಲಿಯೇ, ಮೊರಾಕೊ ದೇಶದ ಕಡಲ ದಡದ ಮೊಗದೋರ್ ಪಟ್ಟಣದಲ್ಲಿ, ಸಬ್ಬತ್ ದಿನ ಒಂದು ಯೆಹೂದ್ಯರ ಪ್ರಾರ್ಥನಾಮಂದಿರಕ್ಕೆ ಹೋದರು. ಭವ್ಯವಾದ ಕಟ್ಟಡವೇನಲ್ಲ, ಕತ್ತಲು ಕವಿದ, ಕೊಳೆ ಹಿಡಿದ ಓಣಿಯಂಥ ಪಡಸಾಲೆ. ಒಳಗಿನಿಂದ ಬರುತ್ತಿದ್ದದ್ದು ಸ್ವರಸ್ವರಗಳು ಒಂದರ ಮೇಲೊಂದು ಬಿದ್ದು ಗೋಜಲಾದ ಪಠನ, ಅರೆಬರೆ ಹಾಡು, ಅರೆಬರೆ ಗುಣುಗು. ಯಾವ ಮಾತೆಂದು ಬಿಡಿಸಿಕೊಳ್ಳಲು ಕಿವಿ ಹೆಣಗುತ್ತಿದ್ದಂತೆ, ಒಮ್ಮೆಗೇ ಆ ಗೋಜಲು ಹರಿದು, ಸ್ಪಷ್ಟವಾಗಿ ಕೇಳಿಬಂದ ಶಬ್ದ ‘ಕಾದೋಷ್’. ಒಮ್ಮೆಯಲ್ಲ, ಮೂರು ಬಾರಿ. ಹೀಬ್ರೂ ಭಾಷೆಯಲ್ಲಿ ಪವಿತ್ರವೆಂದೇ ಅದರ ಅರ್ಥ. ಪ್ರವಾದಿ ಯೆಶಾಯನು ಸಿಂಹಾಸನದ ಸುತ್ತ ದೇವಗಣಗಳು ಘೋಷಿಸಿದ್ದನ್ನು ಕೇಳಿದನೆಂದು ಬೈಬಲ್ಲು ಹೇಳುವ ಶಬ್ದ. ಒಟ್ಟೊ ಇದೇ ಘೋಷವನ್ನು ರೋಮಿನ ಸಂತ ಪೇತ್ರನ ದೇವಾಲಯದಲ್ಲಿ ಲ್ಯಾಟಿನ್ನಿನಲ್ಲಿ ಕೇಳಿದ್ದರು, ಮಾಸ್ಕೋದ ಕ್ರೆಮ್ಲಿನ್ನಿನಲ್ಲಿ ಸ್ಲಾವಿಕ್ ಭಾಷೆಯಲ್ಲಿ ಕೇಳಿದ್ದರು, ಜೆರೂಸಲೇಮಿನಲ್ಲಿ ಗ್ರೀಕ್ ಧರ್ಮಾಧ್ಯಕ್ಷನ ಬಾಯಿಂದ ಕೇಳಿದ್ದರು. ಆದರೂ ಆ ಕತ್ತಲ ಪಡಸಾಲೆಯಲ್ಲಿ ಅದು ಅವರ ಮೈಯನ್ನು ಹಿಡಿದು ಅಲುಗಾಡಿಸಿತು.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ನಮ್ಮ ಕರಾವಳಿಯ ನಾಗಬನವೊಂದರ ನೆನಪಾಗುತ್ತದೆ. ಐದಾರು ವರ್ಷದವನಾಗಿದ್ದಾಗ ಅಜ್ಜಿಯ ಸೆರಗು ಹಿಡಿದು ಹೋದದ್ದು. ಹೊರಗೆ ಗದ್ದೆಯಂಚಿನಲ್ಲಿ ಕಣ್ಣು ಕುಕ್ಕುವ ಬಿಸಿಲು. ಬನದೊಳಕ್ಕೆ ಕಾಲಿಟ್ಟರೆ ಬೀಳಲುಗಳ ಕೆಳಗೆ ತಣ್ಣನೆಯ ಮಬ್ಬು, ಹಾವಸೆ ಹಿಡಿದ ನಾಲ್ಕು ನಾಗನಕಲ್ಲು, ಅವುಗಳ ಮೇಲೆ ಒಣಗಿದ ಅರಸಿನ. ನಾನು ಏನನ್ನೋ ಕೇಳಲು ಬಾಯಿ ತೆರೆದಾಗ ಅಜ್ಜಿ ಮೆಲ್ಲನೆ ಹೇಳಿದಳು: “ಸುಮ್ಮನಿರು ಮಗಾ, ಇಲ್ಲಿ ಕಾರಣಿಕ ಉಂಟು.” ಕಾರಣಿಕ ಎಂದರೇನೆಂದು ಆಕೆ ವಿವರಿಸಲಿಲ್ಲ, ವಿವರಿಸುವ ಅಗತ್ಯವೂ ಬೀಳಲಿಲ್ಲ. ತೋಳಿನ ರೋಮ ನಿಮಿರಿದ್ದೇ ಅದರ ಅರ್ಥವಾಗಿದ್ದಿತು. ಓಡಿಹೋಗಬೇಕೆನಿಸಿತು, ಇನ್ನಷ್ಟು ಹೊತ್ತು ನಿಲ್ಲಬೇಕೆಂದೂ ಅನಿಸಿತು.

ಒಟ್ಟೊ ಅವರ ಗ್ರಂಥದ ವಸ್ತು ಈ ರೋಮಾಂಚವೇ. ತಮ್ಮ ಬಾಳಿನಲ್ಲಿ ಇಂಥದೊಂದು ಕ್ಷಣವನ್ನು ನೆನಪಿಗೆ ತಂದುಕೊಳ್ಳಲಾರದವರು ಮುಂದಕ್ಕೆ ಓದುವ ಶ್ರಮ ವಹಿಸಬೇಕಾಗಿಲ್ಲವೆಂದು ಪುಸ್ತಕದ ಮೊದಲ ಭಾಗದಲ್ಲಿಯೇ ಅವರು ವಿನಯಪೂರ್ವಕವಾಗಿ, ಆದರೆ ನಿರ್ದಾಕ್ಷಿಣ್ಯವಾಗಿ, ತಿಳಿಸಿಬಿಡುತ್ತಾರೆ. ಓದುಗನನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸುವ ಇಂಥ ಗ್ರಂಥಕರ್ತರು ವಿರಳ. ಅವರ ವಾದದ ಸಾರ ಇಷ್ಟು. ಪವಿತ್ರ ಎಂಬ ಪದವನ್ನು ಆಧುನಿಕ ಯೂರೋಪು ನೀತಿಯ ಅರ್ಥಕ್ಕೆ ಇಳಿಸಿಬಿಟ್ಟಿದೆ. ಯಾವ ದೋಷವೂ ಇಲ್ಲದ ಸಂಕಲ್ಪವೇ ಪವಿತ್ರ ಸಂಕಲ್ಪವೆಂದು ತತ್ತ್ವಜ್ಞಾನಿ ಕಾಂಟ್ ಮಹಾಶಯನು ಹೇಳಿದ ಮೇಲೆ, ಪವಿತ್ರನೆಂದರೆ ಪರಮ ಸಜ್ಜನನೆಂದಷ್ಟೇ ಆಗಿಹೋಯಿತು. ಆದರೆ ಹೀಬ್ರೂವಿನ ಕಾದೋಷ್, ಗ್ರೀಕಿನ ಹಾಗಿಯೋಸ್, ಲ್ಯಾಟಿನ್ನಿನ ಸಾಕೆರ್ ಎಂಬ ಪ್ರಾಚೀನ ಶಬ್ದಗಳಲ್ಲಿ ನೀತಿಯನ್ನೆಲ್ಲ ಕಳೆದರೂ ಉಳಿಯುವ ಶೇಷವೊಂದಿದೆ. ಆ ಶೇಷಕ್ಕೆ, ದೈವಶಕ್ತಿಯನ್ನು ಸೂಚಿಸುವ ಲ್ಯಾಟಿನ್ನಿನ ‘ನೂಮೆನ್’ ಎಂಬ ಪದದಿಂದ ‘ನ್ಯೂಮಿನಸ್’ ಎಂಬ ಹೆಸರನ್ನು ಒಟ್ಟೊ ಟಂಕಿಸಿದರು. ನಮಗಾದರೋ ಇದನ್ನು ಅರಿಯಲು ಲ್ಯಾಟಿನ್ನಿನವರೆಗೆ ಹೋಗಬೇಕಾಗಿಲ್ಲ. ಮಡಿ ಎಂಬ ನಮ್ಮ ಮಾತನ್ನೇ ನೋಡಿ. ಮಡಿಯುಟ್ಟವರನ್ನು ಮುಟ್ಟಲು ಹೆದರುತ್ತೇವೆ; ಹಾಗೆಂದು ಮಡಿಯುಟ್ಟವರೆಲ್ಲ ಸಜ್ಜನರೆಂದು ಯಾರೂ ಭ್ರಮಿಸಿಲ್ಲವಷ್ಟೆ!

ಈ ನ್ಯೂಮಿನಸ್ಸಿನ ಎದುರಿಗೆ ಮನುಷ್ಯನಿಗಾಗುವ ಅನುಭವದಲ್ಲಿ ಮೂರು ಎಳೆಗಳನ್ನು ಅವರು ಬಿಡಿಸಿ ತೋರಿಸಿದರು. ಅದು ರಹಸ್ಯ, ನಾವರಿತ ಯಾವ ವಸ್ತುವನ್ನೂ ಹೋಲದ, ಸರ್ವಥಾ ಬೇರೆಯೇ ಆದದ್ದು. ಅದು ಭೀಕರ, ಅದರ ಮುಂದೆ ಮನುಷ್ಯನಿಗೆ ತಾನು ಬರಿಯ ಮಣ್ಣು, ಬೂದಿ ಎನಿಸಿಬಿಡುತ್ತದೆ. ಆದರೂ ಅದು ಮೋಹಕ. ನಡುಗುವವನನ್ನೇ ಅದು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಶತಮಾನದ ಹಿಂದೆ ಜರ್ಮನ್ ದೇವತಾಶಾಸ್ತ್ರಜ್ಞ ಶ್ಲೈಯರ್ಮಾಖರ್ ಧರ್ಮವನ್ನು ಅವಲಂಬನದ ಭಾವವೆಂದು ವರ್ಣಿಸಿದ್ದನು. ಆತನ ಭಾಷಣಗಳನ್ನು 1899ರಲ್ಲಿ ಹೊಸದಾಗಿ ಸಂಪಾದಿಸಿ ಪ್ರಕಟಿಸಿದ ಒಟ್ಟೊ, ಗುರುವಿನ ಆ ಮಾತಿಗೆ ತಿದ್ದುಪಡಿ ಮಾಡಿದರು. ನಾನು ಅವಲಂಬಿಸಿದ್ದೇನೆ ಎಂದು ಮೊದಲು ತನ್ನನ್ನು ನೋಡಿಕೊಂಡು ಅನಂತರ ದೇವರನ್ನು ಊಹಿಸುವುದಲ್ಲ; ಮೊದಲು ಎದುರಿಗೆ ಏನೋ ಇದೆ, ಅದರ ನೆರಳು ಬಿದ್ದು ನಾನು ಕುಗ್ಗುತ್ತೇನೆ, ಎಂಬುದು ಅವರ ಮತ. ಇದಕ್ಕೆ ಸಾಕ್ಷಿಯಾಗಿ ಅವರು ಕರೆತಂದವರಲ್ಲಿ ಮೊದಲಿಗನು ಲೂಥರನೇ. ಕೃಪಾಳುವಾದ ದೇವರ ಮುಖದ ಹಿಂದೆ ಭಯಂಕರನಾದ ದೇವರನ್ನೂ ಕಂಡು ಬೆವೆತ ಲೂಥರ್. ಇನ್ನೊಬ್ಬನು ನಮ್ಮ ಅರ್ಜುನ. ಗೀತೆಯ ಹನ್ನೊಂದನೆಯ ಅಧ್ಯಾಯವನ್ನು ಬಾಲ್ಯದಿಂದ ಬಲ್ಲ ನಮಗೆ, ಬೇಡಿ ಪಡೆದ ದರ್ಶನವನ್ನೇ ತಾಳಲಾರದೆ ಮೊದಲಿನ ಸೌಮ್ಯರೂಪಕ್ಕೆ ಮರಳೆಂದು ಅಂಗಲಾಚುವ ಆ ಭಕ್ತನು, ಆದರೂ ಅಲ್ಲಿಂದ ಒಂದು ಹೆಜ್ಜೆಯನ್ನೂ ಹಿಂದಿಡದ ಆ ಸಖನು, ಒಟ್ಟೊ ಅವರ ಸಿದ್ಧಾಂತಕ್ಕೆ ಎಷ್ಟು ಸಹಜವಾದ ನಿದರ್ಶನವೆಂಬುದನ್ನು ಹೇಳಬೇಕಾದುದಿಲ್ಲ.

ಕಲೆಯು ಈ ಅನುಭವವನ್ನು ಯಾವ ಸಾಧನದಿಂದ ಮುಟ್ಟಿಸಬಲ್ಲುದು ಎಂಬ ಪ್ರಶ್ನೆಗೆ ಅವರಿತ್ತ ಉತ್ತರ ಈ ಬಾನುಲಿ ನಿಲಯದಲ್ಲಿ ಕುಳಿತು ಹೇಳಲು ಸ್ವಲ್ಪ ಮುಜುಗರದ್ದು: ಕತ್ತಲು ಮತ್ತು ಮೌನ. ಸಂಗೀತರಚನಕಾರ ಬಾಖ್‌ನ ಮಹಾಪ್ರಾರ್ಥನಾಗೀತದಲ್ಲಿ ಕೂಡ ಅವರಿಗೆ ಅತ್ಯಂತ ನ್ಯೂಮಿನಸ್ ಎನಿಸಿದ ಭಾಗ ಘೋಷಗಳು ಮೊಳಗುವುದಲ್ಲ, ಧ್ವನಿಯು ಕುಗ್ಗಿ ಪಿಸುಮಾತಾಗಿ ಅಳಿಯುವುದು. ಪೌರಸ್ತ್ಯರು ಇವೆರಡಕ್ಕೆ ಮೂರನೆಯದನ್ನೂ ಸೇರಿಸಿದ್ದಾರೆ, ಅದು ಶೂನ್ಯ, ವಿಶಾಲವಾದ ಬರಿದು ಎಂದು ಚೀನದ ಚಿತ್ರಗಳನ್ನು ನೋಡಿದ ಒಟ್ಟೊ ಬರೆದರು; ಅಲ್ಲಮನ ‘ಬಯಲು’ ಎಂಬ ಮಾತನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಪ್ರಾಟೆಸ್ಟೆಂಟರ ಆರಾಧನೆಯಲ್ಲಿ ಉಪದೇಶವೇ ಉಬ್ಬಿಹೋಗಿದೆ, ಅಲ್ಲಿ ಮೌನಕ್ಕೊಂದು ನಿಯತವಾದ ಸ್ಥಳವಿರಬೇಕೆಂದು ಅವರು ಬಹುವಾಗಿ ಶ್ರಮಿಸಿದರು. ಬಾನುಲಿಯಲ್ಲಾದರೆ ಎರಡು ಕ್ಷಣ ಮೌನವಾದರೂ ಸಾಕು, ಕೇಳುಗರು ಯಂತ್ರ ಕೆಟ್ಟಿತೆಂದು ತಿರುಗುಣಿಗೆ ಕೈ ಹಾಕುತ್ತಾರೆ. ಆದಕಾರಣ ನಾನು ಮುಂದುವರಿಯುತ್ತೇನೆ.

ಭಾರತವನ್ನು ಕಂಡುಹೋದ ಪಾಶ್ಚಾತ್ಯ ಪಂಡಿತರು ಅನೇಕರು. ಕಂಡುಹೋದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಕುಳಿತು ಸಂಸ್ಕೃತವನ್ನು ಕಲಿತ ಕ್ರೈಸ್ತ ದೇವತಾಶಾಸ್ತ್ರಜ್ಞರು ಎಷ್ಟು ಮಂದಿ? 1916ರಷ್ಟರಲ್ಲಿಯೇ ಒಟ್ಟೊ ಶ್ರೀನಿವಾಸದಾಸರ ‘ಯತೀಂದ್ರಮತದೀಪಿಕಾ’ವನ್ನು ಜರ್ಮನ್ ಭಾಷೆಗೆ ತಂದರು, ಮರುವರ್ಷ ರಾಮಾನುಜಸಿದ್ಧಾಂತ, ಮುಪ್ಪಿನಲ್ಲಿ ಭಗವದ್ಗೀತೆ, ಕಠೋಪನಿಷತ್ತು. ಆಯ್ಕೆಯನ್ನು ಗಮನಿಸಬೇಕು. ಆ ಕಾಲದ ಐರೋಪ್ಯರಿಗೆ ಭಾರತವೆಂದರೆ ವೇದಾಂತ, ವೇದಾಂತವೆಂದರೆ ಶಂಕರಾದ್ವೈತ. ಒಟ್ಟೊ ಅವರಾದರೋ ರಾಮಾನುಜರ ಶ್ರೀರಂಗ ಮೇಲುಕೋಟೆಗಳ ಬಾಗಿಲಿನಿಂದ ಒಳಹೊಕ್ಕರು.

ಶಂಕರರನ್ನು ಅವರು ಬಿಟ್ಟರೆಂದಲ್ಲ. ಅಮೆರಿಕದ ಓಬರ್ಲಿನ್ನಿನಲ್ಲಿ ಮಾಡಿದ ಉಪನ್ಯಾಸಗಳಿಂದ ಬೆಳೆದು 1926ರಲ್ಲಿ ಅಚ್ಚಾದ ‘ಪಶ್ಚಿಮ-ಪೂರ್ವಗಳ ಅನುಭಾವ’ವೆಂಬ ಗ್ರಂಥದಲ್ಲಿ, ಆಚಾರ್ಯರನ್ನೂ ಹದಿಮೂರು-ಹದಿನಾಲ್ಕನೆಯ ಶತಮಾನಗಳ ಜರ್ಮನ್ ಅನುಭಾವಿ ಎಕ್‌ಹಾರ್ಟನನ್ನೂ ಎದುರುಬದುರು ಕೂರಿಸಿ, ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿಟ್ಟರೂ ಗೊತ್ತಾಗದಷ್ಟು ಸಾಮ್ಯವನ್ನು ಮೊದಲು ತೋರಿಸಿ, ಆಮೇಲೆ ಆ ಸಾಮ್ಯದ ಒಳಗೇ ಇರುವ ಭೇದವನ್ನು ಎತ್ತಿ ಹೇಳಿದರು. ಎಲ್ಲ ಅನುಭಾವವೂ ಒಂದೇ ಎಂಬ ಸುಲಭದ ಮಾತಿಗೆ ಅವರು ಒಪ್ಪಲಿಲ್ಲ. ಇದು ಅವರ ಹಿರಿಮೆ. ಆದರೆ ಎಕ್‌ಹಾರ್ಟನ ದೇವರಲ್ಲಿ ಚಲನೆಯಿದೆ, ಕರ್ಮೋತ್ಸಾಹವಿದೆ, ಶಂಕರರ ಬ್ರಹ್ಮದಲ್ಲಿ ನಿಶ್ಚಲತೆ ಮಾತ್ರವಿದೆ ಎಂದು ಅವರು ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿದಾಗ ನನ್ನ ಮನಸ್ಸು ಹಿಂದೆಗೆಯುತ್ತದೆ. ನಿಶ್ಚಲ ಬ್ರಹ್ಮವನ್ನು ಬೋಧಿಸಿದ ಆ ಯತಿಯು ಆಸೇತುಹಿಮಾಚಲವಾಗಿ ಕಾಲ್ನಡೆಯಲ್ಲಿ ಸಂಚರಿಸಿದರೆಂದು ನಮ್ಮ ಸಂಪ್ರದಾಯವು ನಂಬಿದೆಯಲ್ಲ. ಆ ನಂಬಿಕೆಗೆ ಒಟ್ಟೊ ಅವರ ತೂಕದಲ್ಲಿ ಎಡೆ ಸಿಕ್ಕಲಿಲ್ಲ. ತುಲನೆ ಮಾಡುವವನು ತನ್ನ ಮನೆಯ ಪಡಿಯನ್ನೇ ಅಳತೆಗೆ ಬಳಸುವುದು ಮಾನವಸಹಜವಾದ ದೋಷ.

ಇದಕ್ಕಿಂತ ನನಗೆ ಪ್ರಿಯವಾದದ್ದು ‘ಭಾರತದ ಕೃಪಾಧರ್ಮವೂ ಕ್ರೈಸ್ತಧರ್ಮವೂ’ ಎಂಬ 1930ರ ಕೃತಿ. ದೇವರ ಕೃಪೆಯಿಂದಲೇ ಉದ್ಧಾರ, ಸ್ವಪ್ರಯತ್ನದಿಂದಲ್ಲ ಎಂಬುದು ಲೂಥರನ ಬೋಧನೆಯ ಬೆನ್ನೆಲುಬು. ಪ್ರಾಟೆಸ್ಟೆಂಟರು ಅದನ್ನು ತಮ್ಮದೇ ವಿಶೇಷವೆಂದು ತಿಳಿದು ಬಂದವರು. ಅಂಥವರ ಸಭೆಯ ಮುಂದೆ ಒಟ್ಟೊ ನಮ್ಮ ಶ್ರೀವೈಷ್ಣವರ ಮರ್ಕಟನ್ಯಾಯ ಮಾರ್ಜಾಲನ್ಯಾಯಗಳನ್ನು ತಂದಿಟ್ಟರು. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅವುಚಿಕೊಳ್ಳಬೇಕು. ಕೈ ಸಡಿಲವಾದರೆ ಬಿದ್ದಿತು. ಬೆಕ್ಕಿನ ಮರಿಗೆ ಆ ಕಷ್ಟವಿಲ್ಲ. ತಾಯಿ ಕತ್ತಿನ ತೊಗಲನ್ನು ಹಲ್ಲಿನಿಂದ ಹಗುರವಾಗಿ ಕಚ್ಚಿ ಎತ್ತಿಕೊಂಡು ಹೋಗುತ್ತದೆ, ಮರಿ ಕಣ್ಣು ಮುಚ್ಚಿ ಜೋಲುಬಿದ್ದಿರುತ್ತದೆ. ವಡಗಲೆ ತೆಂಗಲೆ ಪಂಗಡಗಳ ಜಗಳವೆಂದು ನಾವು ಹಾಸ್ಯ ಮಾಡಿ ಮರೆಯುವ ಈ ವಿವಾದದಲ್ಲಿ, ತಮ್ಮ ನಾಡಿನ ದೇವತಾಶಾಸ್ತ್ರಜ್ಞರು ಶತಮಾನಗಳ ಕಾಲ ಹೋರಾಡಿದ ಪ್ರಶ್ನೆಯೇ, ಮನುಷ್ಯನ ಪ್ರಯತ್ನಕ್ಕೆ ಎಷ್ಟು ಪಾಲು, ದೇವರ ಕೃಪೆಗೆ ಎಷ್ಟು ಪಾಲು ಎಂಬ ಅದೇ ಪ್ರಶ್ನೆಯೇ, ಇರುವುದನ್ನು ಕಂಡು ಒಟ್ಟೊ ಬೆರಗಾದರು. ಇಲ್ಲಿಯೂ ಅವರು ಸಮೀಕರಣಕ್ಕೆ ಕೈಹಾಕಲಿಲ್ಲ. ಎರಡು ಧರ್ಮಗಳೂ ಕೃಪೆಯನ್ನೇ ಹೇಳುತ್ತವೆ, ಆದರೆ ತಿರುಗುವ ಅಚ್ಚು ಬೇರೆ ಬೇರೆ: ಭಾರತದಲ್ಲಿ ಕೃಪೆಯು ಸಂಸಾರಬಂಧದಿಂದ ಬಿಡಿಸುತ್ತದೆ, ಕ್ರೈಸ್ತರಲ್ಲಿ ಪಾಪದ ಅಪರಾಧವನ್ನು ಕ್ಷಮಿಸುತ್ತದೆ ಎಂದರು. ತೀರ್ಪು ಕೊನೆಗೆ ಅವರ ಮನೆಯ ಕಡೆಗೇ ಹೋಯಿತು. ಅವರು ಲೂಥರನ ಶಿಷ್ಯರಾಗಿಯೇ ಉಳಿದವರು, ಅದನ್ನು ಮರೆಮಾಚಿದವರೂ ಅಲ್ಲ. ಎದುರಾಳಿಯ ಮತವನ್ನು ಅದರ ಅತ್ಯುತ್ತಮ ರೂಪದಲ್ಲಿ, ಅದರ ಮೂಲಭಾಷೆಯಲ್ಲಿ, ಅದರ ಆಚಾರ್ಯರ ಮಾತಿನಲ್ಲಿಯೇ ಅರಿತು, ಆಮೇಲೆ ‘ನಾನು ಒಪ್ಪಲಾರೆ’ ಎನ್ನುವವನ ಅಸಮ್ಮತಿಯು, ಏನನ್ನೂ ಓದದೆ ‘ಎಲ್ಲವೂ ಒಂದೇ’ ಎನ್ನುವವನ ಸಮ್ಮತಿಗಿಂತ ದೊಡ್ಡ ಗೌರವವೆಂದು ನಾನು ಬಗೆಯುತ್ತೇನೆ.

1927ರಲ್ಲಿ ಅವರು ಮತ್ತೊಮ್ಮೆ ಪೂರ್ವದೇಶಗಳಿಗೆ ಹೊರಟು, ಸಿಂಹಳವನ್ನೂ ದಕ್ಷಿಣ ಭಾರತವನ್ನೂ ಕಂಡು, ಮುಂಬಯಿಯ ಬಳಿಯ ಎಲಿಫೆಂಟಾ ಗುಹೆಯಲ್ಲಿ ಮೂರು ಮುಖದ ಸದಾಶಿವನ ಮುಂದೆ ನಿಂತರು. ಅರೆಗತ್ತಲಲ್ಲಿ ಎದ್ದು ನಿಂತ ಆ ಮಹಾಶಿಲೆಯ ಶಾಂತಿಯನ್ನು ಕುರಿತು ಅವರು ಬರೆದದ್ದು ಪ್ರವಾಸಿಯ ಮೆಚ್ಚುಗೆಯಲ್ಲ, ಸಾಷ್ಟಾಂಗಕ್ಕೆ ಸಮೀಪವಾದದ್ದು. ಅದೇ ವರ್ಷ ಮಾರ್ಬುರ್ಗ್ ವಿಶ್ವವಿದ್ಯಾನಿಲಯದ ನಾನೂರನೆಯ ವರ್ಧಂತಿಯ ಸಂದರ್ಭದಲ್ಲಿ ಅವರು ಅಲ್ಲಿ ಒಂದು ಸಂಗ್ರಹಾಲಯವನ್ನು ಸ್ಥಾಪಿಸಿದರು. ಲೋಕದ ನಾನಾ ಮತಗಳ ವಿಗ್ರಹಗಳು, ಪೂಜೋಪಕರಣಗಳು, ಗ್ರಂಥಗಳು ಅಲ್ಲಿ ಸೇರಿದವು. ಇದರ ಸ್ವಾರಸ್ಯವನ್ನು ತಿಳಿಯಲು ಆ ಊರಿನ ಪೂರ್ವಕಥೆಯನ್ನು ಸ್ವಲ್ಪ ನೆನೆಯಬೇಕು. ಲಾನ್ ನದಿಯ ಮೇಲಣ ಗುಡ್ಡದ ಅದೇ ಮಾರ್ಬುರ್ಗಿನ ಕೋಟೆಯಲ್ಲಿ 1529ರಲ್ಲಿ ಲೂಥರನೂ ಸ್ವಿಟ್ಜರ್ಲೆಂಡಿನ ಮತಸುಧಾರಕ ತ್ಸ್ವಿಂಗ್ಲಿಯೂ ಸಂಧಾನಕ್ಕೆ ಕುಳಿತು, ಹದಿನೈದು ಅಂಶಗಳಲ್ಲಿ ಹದಿನಾಲ್ಕನ್ನು ಒಪ್ಪಿ, ಉಳಿದ ಒಂದಕ್ಕಾಗಿ ಬೇರೆಯಾಗಿ ಎದ್ದುಹೋದರು. ಆ ಒಂದು ಅಂಶವು ಪ್ರಸಾದದ ರೊಟ್ಟಿಯಲ್ಲಿ ಕ್ರಿಸ್ತನ ಸಾನ್ನಿಧ್ಯ ಯಾವ ರೀತಿಯದು ಎಂಬುದು. ಸೋದರರಿಬ್ಬರು ಒಂದಾಗಲಾರದೆ ಹೋದ ಊರಿನಲ್ಲಿ ಒಟ್ಟೊ ಪರದೇಶದ ದೇವರುಗಳಿಗೆಲ್ಲ ಬಿಡಾರ ಕಟ್ಟಿಕೊಟ್ಟರು.

ಆದರೆ ಸ್ವಂತ ವಿದ್ಯಾಲಯದಲ್ಲಿ ಅವರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಯುದ್ಧಾನಂತರದ ತರುಣರು ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತನ ಕಡೆಗೆ ಕಿವಿಗೊಟ್ಟರು. ಅವರಿಗೆ ಬೇಕಾದದ್ದು ದೇವರ ವಾಕ್ಯ, ಮಾನವನ ಅನುಭವವಲ್ಲ. ಮಾರ್ಬುರ್ಗಿನಲ್ಲಿಯೇ ಬುಲ್ಟ್‌ಮನ್ನನು ಹೊಸ ಒಡಂಬಡಿಕೆಯನ್ನೂ, ಕೆಲಕಾಲ ಹೈಡೆಗ್ಗರನು ತತ್ತ್ವಶಾಸ್ತ್ರವನ್ನೂ ಬೋಧಿಸುತ್ತಿದ್ದು, ಚುರುಕು ವಿದ್ಯಾರ್ಥಿಗಳು ಅತ್ತ ನೆರೆಯುತ್ತಿದ್ದರು. ಯುದ್ಧ ಮುಗಿದ ಮೇಲೆ ಎಲ್ಲ ಮತದವರೂ ಲೋಕನ್ಯಾಯಕ್ಕಾಗಿ ಕೂಡಿ ದುಡಿಯಬೇಕೆಂದು ಒಟ್ಟೊ ಕಟ್ಟಿದ ಧಾರ್ಮಿಕ ಮಾನವಸಂಘವು ಬಹುಕಾಲ ಬಾಳದೆ, 1933ರಲ್ಲಿ ಮುಚ್ಚಿಹೋಯಿತು. ಆ ವರ್ಷ ಜರ್ಮನಿಯಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದದ್ದು ಎಲ್ಲರಿಗೂ ಗೊತ್ತಿದೆ. ಮರುವರ್ಷ ‘ದೇವರ ರಾಜ್ಯ ಮತ್ತು ಮನುಷ್ಯಕುಮಾರ’ ಎಂಬ ಅವರ ಕೊನೆಯ ದೊಡ್ಡ ಗ್ರಂಥ ಬಂದಿತು. ಅನಾರೋಗ್ಯ ಅವರನ್ನು ಬಿಡಲಿಲ್ಲ. 1936ರ ಅಕ್ಟೋಬರಿನಲ್ಲಿ ಗೋಪುರವೊಂದರಿಂದ ಸುಮಾರು 20 ಮೀಟರು ಕೆಳಕ್ಕೆ ಬಿದ್ದು ತೀವ್ರವಾಗಿ ಗಾಯಗೊಂಡರು. ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ, ಶ್ವಾಸಕೋಶದ ಉರಿಯೂತದಿಂದ 1937ನೆಯ ಮಾರ್ಚ್ 6ರಂದು ತೀರಿಕೊಂಡರು.

ಅವರ ಸಮಾಧಿ ಮಾರ್ಬುರ್ಗಿನಲ್ಲಿದೆ. ಮೊಗದೋರಿನ ಕತ್ತಲ ಪಡಸಾಲೆಯಲ್ಲಿ ಮೂರು ಬಾರಿ ಕೇಳಿದ ಆ ಶಬ್ದವನ್ನು ಕಲ್ಲಿನ ಮೇಲೆ ಜರ್ಮನ್ ಭಾಷೆಯಲ್ಲಿ ಕೆತ್ತಿದ್ದಾರೆ.